ಹಾಲಿಲ್ಲ ಎಂದು ನಾನು ಹೇಳಿದ ಗಿಡ

ಗ್ರಾಮಸೇವಕಿ ಎಂಬ ಹುದ್ದೆ ಈಗ ಆ ಹೆಸರಿನಲ್ಲಿ ಉಳಿದಿಲ್ಲ. ನಾವು ಮಾಡುತ್ತಿದ್ದ ಕೆಲಸವನ್ನು ಈಗ ನಾಲ್ಕೈದು ಕಡೆಯವರು ಹಂಚಿಕೊಂಡು ಮಾಡುತ್ತಾರೆ. ಮಹಿಳಾ ಮಂಡಳ ಕಟ್ಟುವುದು, ಹೊಗೆಯಿಲ್ಲದ ಒಲೆ ಹಾಕಿಸುವುದು, ಬಾಣಂತಿ ಏನು ಉಣ್ಣಬೇಕೆಂದು ತಿಳಿಸಿ ಹೇಳುವುದು, ಹಿತ್ತಲಲ್ಲಿ ಕೈತೋಟ ಮಾಡಿಸುವುದು ಎಲ್ಲವೂ ಒಬ್ಬಳ ಪಾಲಿಗೆ ಬರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದ ನಾನು ಮೊದಲು ಆಳಂದ, ಆಮೇಲೆ ಅಫಜಲಪುರ, ಕೊನೆಗೆ ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಅದನ್ನು ಮಾಡಿದೆ.

ಈಚೆಗೆ ಹಳ್ಳಿ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವು ಹೆಣ್ಣುಮಕ್ಕಳು ನಮ್ಮ ಮನೆಗೆ ಬಂದಿದ್ದರು. ಮಾಳಿಗೆಯ ಮೇಲೆ ಸಾಲಾಗಿ ಇಟ್ಟ ಕಳ್ಳಿ ಗಿಡಗಳ ಡಬ್ಬಿಗಳನ್ನು ನೋಡಿ, ಇವನ್ನು ಬೆಳೆಸಿದ ಅನುಭವ ಬರೆದುಕೊಡಿ, ನಮಗೂ ಉಪಯೋಗವಾಗುತ್ತದೆ ಎಂದರು. ಬರೆಯುತ್ತೇನೆ ಎಂದೆ. ಆದರೆ ಬೆಳೆಸುವ ಬಗೆ ಬರೆಯುವ ಮೊದಲು ಇನ್ನೊಂದನ್ನು ಹೇಳಬೇಕು. ನಾನು ಆಡಿದ ಒಂದು ಮಾತಿನಿಂದ ಘತ್ತರಗಿಯ ಕಸ್ತೂರಿಬಾಯಿ ಎಂಬ ಹೆಣ್ಣುಮಗಳ ಬಲಗಣ್ಣು ಹೋಗುವುದರಲ್ಲಿತ್ತು. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ನೆನಪಿರುವುದನ್ನು ನೆನಪಿರುವಂತೆ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಹೇಳುತ್ತೇನೆ.

ಮೊದಲು ಆಳಂದ ತಾಲೂಕಿನ ಮಟಕಿಯಿಂದ ಶುರು ಮಾಡಬೇಕು.

ಮಟಕಿಯಲ್ಲಿ ನನಗೆ ವಹಿಸಿದ ಕೆಲಸಗಳಲ್ಲಿ ಕೈತೋಟ ದೊಡ್ಡದು. ಮನೆಮನೆಗೆ ಬದನೆ, ಬೆಂಡೆ, ಮೆಂತ್ಯದ ಬೀಜದ ಪೊಟ್ಟಣ ಕೊಡುತ್ತಿದ್ದೆ. ಸ್ನಾನದ ನೀರು ಹಿತ್ತಲಿಗೆ ಹರಿಯುವಂತೆ ಕಾಲುವೆ ತೆಗೆಸುತ್ತಿದ್ದೆ. ಸಂಕ್ರಾಂತಿಯ ತನಕ ಎಲ್ಲವೂ ಹಸಿರಾಗಿರುತ್ತಿತ್ತು. ಶಿವರಾತ್ರಿ ದಾಟಿದ ಮೇಲೆ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರು ಇರುತ್ತಿರಲಿಲ್ಲ. ಕುಡಿಯುವ ನೀರಿಗೆ ದೂರ ಹೋಗುವ ಹೆಂಗಸಿಗೆ ಬದನೆ ಗಿಡಕ್ಕೆ ನೀರು ಹಾಕು ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಎರೆಮಣ್ಣು ಕೈ ಹೋಗುವಷ್ಟು ಬಿರಿಯುತ್ತಿತ್ತು, ಗಿಡ ಒಣಗುತ್ತಿತ್ತು. ಹೀಗೆ ಎರಡು ಬೇಸಿಗೆ ನೋಡಿದೆ.

ಆ ಊರಿನಲ್ಲಿ ಗುರುಬಸವ್ವ ಎಂಬ ಹಿರಿಯ ಹೆಣ್ಣುಮಗಳಿದ್ದರು. ಅವರ ಮನೆಯ ಬಾಗಿಲ ಮೇಲೆ ಒಂದು ಲೋಳೆಸರದ ಗಿಡ ತಲೆಕೆಳಗಾಗಿ ತೂಗುತ್ತಿತ್ತು. ಇದು ನಮ್ಮ ಕಡೆಯ ಪದ್ಧತಿ. ಗಿಡವನ್ನು ಬೇರುಸಹಿತ ಕಿತ್ತು, ಕರಿದಾರದಲ್ಲಿ ಬಾಗಿಲ ಮೇಲೆ ಕಟ್ಟುತ್ತಾರೆ, ಮನೆಗೆ ದೃಷ್ಟಿ ತಾಗದಿರಲಿ ಎಂದು. ಹುಟ್ಟಿದಾಗಿನಿಂದ ನೋಡಿದ್ದರಿಂದ ನಾನು ಅದನ್ನು ಗಿಡ ಎಂದು ನೋಡಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಅವರ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುವಾಗ ತಲೆ ಎತ್ತಿದೆ. ಎಲೆಗಳು ಮೇಲಕ್ಕೆ ಬಾಗಿ ಬೆಳೆದಿದ್ದವು. ನಡುವಿನಿಂದ ಒಂದು ಹೂವಿನ ಕಡ್ಡಿ ಹೊರಟಿತ್ತು. ಇದನ್ನು ಕಟ್ಟಿ ಎಷ್ಟು ದಿನವಾಯಿತು ಎಂದು ಕೇಳಿದೆ. ಹಿರಿಯ ಸೊಸೆ ಮನೆಗೆ ಬಂದ ವರ್ಷ ಕಟ್ಟಿದ್ದು ಎಂದರು. ಆ ಸೊಸೆಯ ಮಗಳು ಆಗಲೇ ಶಾಲೆಗೆ ಹೋಗುತ್ತಿದ್ದಳು.

ಅಷ್ಟು ವರ್ಷ ಮಣ್ಣಿಲ್ಲದೆ, ಯಾರೂ ನೀರು ಹಾಕದೆ ಬದುಕಿದ ಗಿಡದ ಕೆಳಗೆ ಕುಳಿತು ನಾನು ಬದನೆ ಒಣಗಿತೆಂದು ದುಃಖಪಡುತ್ತಿದ್ದೆ. ಮುಂದಿನ ತಿಂಗಳು ತರಬೇತಿಗೆಂದು ಗುಲಬರ್ಗಾಕ್ಕೆ ಹೋದಾಗ ಒಂದು ಕಚೇರಿಯ ಜಗಲಿಯಲ್ಲಿ ತಗಡಿನ ಡಬ್ಬಿಗಳಲ್ಲಿ ಬೆಳೆಸಿದ ಕಳ್ಳಿಗಳನ್ನು ಕಂಡೆ. ಉಂಡೆಯಂಥದ್ದು, ಬೆಕ್ಕಿನ ಬಾಲದಂಥದ್ದು, ಮೈತುಂಬ ಬಿಳಿ ಕೂದಲಿನದು. ಅಲ್ಲಿನ ಮಾಲಿಯನ್ನು ಕೇಳಿ ನಾಲ್ಕು ತುಂಡು ತಂದೆ. ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದು ಎರಡು ದಿನ ಚಿಮಟದಿಂದ ಮುಳ್ಳು ಕೀಳಿಸಿಕೊಂಡೆ.

ನನ್ನ ಮೊದಲ ತಪ್ಪು ಮಟಕಿಯಲ್ಲೇ ಆಯಿತು. ಬೆಳೆದ ಗಿಡಗಳಿಂದ ತುಂಡು ಮಾಡಿ ಏಳೆಂಟು ಮನೆಗೆ ಕೊಟ್ಟೆ. ಬೇರೆ ಏನನ್ನಾದರೂ ಕೊಡುವಾಗ ಹೇಳುವಂತೆ, ದಿನಾ ನೀರು ಹಾಕಿ, ಒಳ್ಳೆಯ ಮಣ್ಣು ಹಾಕಿ ಎಂದು ಹೇಳಿದೆ. ಅವರು ಪಾಪ, ಹೊಲದ ಅತಿ ಒಳ್ಳೆಯ ಎರೆಮಣ್ಣು ತಂದು ತುಂಬಿ, ತಮ್ಮ ಕುಡಿಯುವ ನೀರಿನಲ್ಲಿ ಒಂದೊಂದು ಲೋಟ ದಿನವೂ ಹಾಕಿದರು. ಮೂರು ವಾರದಲ್ಲಿ ಎಲ್ಲವೂ ಬುಡದಿಂದ ಮೆತ್ತಗಾಗಿ ಕೊಳೆತವು. ಒಂದೇ ಒಂದು ಉಳಿದಿತ್ತು, ಗುರುಬಸವ್ವನವರದು. ಒಡೆದ ಇಟ್ಟಿಗೆಯ ಚೂರು, ಹಳ್ಳದ ದಪ್ಪ ಮರಳು ತುಂಬಿದ ಡಬ್ಬಿಯಲ್ಲಿ ಅದು ಗಟ್ಟಿಯಾಗಿ ನಿಂತಿತ್ತು. ನಾನು ಹೇಳಿದಂತೆ ಏಕೆ ಮಾಡಲಿಲ್ಲ ಎಂದು ಕೇಳಿದೆ.

"ಬಾಗಲಕ್ಕ ಕಟ್ಟಿದ್ದಕ್ಕ ಯಾರ್ ನೀರ ಹಾಕ್ಯಾರ್ರಿ ಅಕ್ಕೋರ?" ಎಂದರು. "ಇದೂ ಅದರ ಬಳಗನ ಕಾಣ್ತದ. ಹಂಗಂತ ಸುಮ್ನ ಬಿಟ್ಟೇನಿ."

ಎರೆಮಣ್ಣು ನೀರನ್ನು ಹಿಡಿದಿಡುತ್ತದೆ, ಈ ಗಿಡಗಳಿಗೆ ನೀರು ನಿಲ್ಲುವುದೇ ಆಗುವುದಿಲ್ಲ. ಇದನ್ನು ನನಗೆ ಕಲಿಸಿದವರು ಗುರುಬಸವ್ವ. ಅಲ್ಲಿಂದ ಮುಂದೆ ಡಬ್ಬಿಯ ತಳಕ್ಕೆ ಮೊಳೆಯಿಂದ ಐದಾರು ತೂತು, ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಚೂರು, ಒಂದು ಪಾಲು ಹಳೆಯ ಗೊಬ್ಬರ ಎಂದು ಹೇಳತೊಡಗಿದೆ. ನೀರು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಅದೂ ಬೇಡ. ತುಂಡು ಮಾಡಿದ ಮೇಲೆ ನೆರಳಲ್ಲಿ ಎಂಟು ದಿನ ಗಾಯ ಒಣಗಿಸಿ ನೆಡಬೇಕು. ಇಂದಿಗೂ ಇದನ್ನೇ ಹೇಳುತ್ತೇನೆ.

ಒಮ್ಮೆ ಮೇಲಿನ ಸಾಹೇಬರು ಕೈತೋಟ ನೋಡಲು ಬಂದರು. ಕಡುಬೇಸಿಗೆ. ನಾನು ಅವರನ್ನು ಗುರುಬಸವ್ವನವರ ಮನೆಗೆ ಕರೆದೊಯ್ದೆ. ಅವರ ಕೈಯಲ್ಲಿದ್ದ ಹಾಳೆಯಲ್ಲಿ ತರಕಾರಿ, ಹಣ್ಣು, ಹೂವು ಎಂದು ಮೂರೇ ಕಂಬಸಾಲು. ಡಬ್ಬಿಗಳ ಮುಂದೆ ನಿಂತು, ಯಾವುದರಲ್ಲಿ ಬರೆಯಲಿ ಎಂದು ನನ್ನನ್ನು ಕೇಳಿದರು. ಕೈತೋಟ ಎಂದರೆ ಬದನೆಕಾಯಿ, ಸರ್ಕಾರ ಮುಳ್ಳು ಬೆಳೆಸಲು ಸಂಬಳ ಕೊಡುತ್ತದೆಯೇ ಎಂದು ಗದರಿದರು. ಒಳಗಿನಿಂದ ಗುರುಬಸವ್ವ ಚಹಾ ತಂದು ಕೊಡುತ್ತ, ನೀರು ಕೊಟ್ಟ ವರ್ಷ ಬದನೆಕಾಯಿ ಬೆಳೆದು ಬುಟ್ಟಿಯಲ್ಲಿ ಕಳಿಸುತ್ತೇವೆ ಸಾಹೇಬರೇ ಎಂದರು. ಸಾಹೇಬರು ಚಹಾ ಕುಡಿದು, ಹೂವು ಎಂಬ ಸಾಲಿನಲ್ಲಿ ಏನೋ ಬರೆದುಕೊಂಡು ಹೋದರು. ಬಿಳಿ ಕೂದಲಿನ ಗಿಡದ ತಲೆಯ ಸುತ್ತ ಆಗ ಕೆಂಪು ಸಣ್ಣ ಹೂವು ಬಿಟ್ಟಿದ್ದವು, ಅಷ್ಟರಮಟ್ಟಿಗೆ ಅದು ನಿಜ.

ಇನ್ನೊಂದು ತೊಂದರೆ ಇತ್ತು. ಕಳ್ಳಿಯನ್ನು ಮನೆಯೊಳಗೆ ತರಬಾರದು, ಮುಳ್ಳು ಇದ್ದ ಮನೆಯಲ್ಲಿ ಜಗಳ ಬಿಡುವುದಿಲ್ಲ ಎಂದು ಅನೇಕರು ಹಿಂದೆ ಸರಿಯುತ್ತಿದ್ದರು. ನಾನು ಉಪಾಯ ಮಾಡಿದೆ. ಕಳ್ಳಿ ಎಂದು ಹೇಳುವುದನ್ನೇ ಬಿಟ್ಟೆ. ಇವು ಶೋ ಗಿಡ, ಪಟ್ಟಣದ ಬಂಗಲೆಗಳಲ್ಲಿ ಇಡುತ್ತಾರೆ ಎಂದು ಹೇಳಿದೆ. ಕೂಡಲೇ ಕೈ ಚಾಚಿದರು. ಆಗ ಅದು ಜಾಣತನ ಎನಿಸಿತ್ತು. ಹೊಲದ ಬದುವಿನ ಕಳ್ಳಿಯ ಬಗ್ಗೆ ಆ ಹೆಂಗಸರಿಗೆ ಭಯ ಮಾತ್ರವಲ್ಲ, ತಿಳಿವಳಿಕೆಯೂ ಇತ್ತು. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೆಸರನ್ನು ಮರೆಮಾಡಿ ನಾನು ಭಯದ ಜೊತೆಗೆ ಆ ಎಚ್ಚರವನ್ನೂ ಅವರಿಂದ ತೆಗೆದುಬಿಟ್ಟೆ. ಇದು ನನಗೆ ತಿಳಿದದ್ದು ಘತ್ತರಗಿಯಲ್ಲಿ.

ಎಂಬತ್ತರ ದಶಕದಲ್ಲಿ ನನಗೆ ಅಫಜಲಪುರ ತಾಲೂಕಿಗೆ ವರ್ಗವಾಯಿತು. ಘತ್ತರಗಿ ನನ್ನ ಹಳ್ಳಿಗಳಲ್ಲಿ ಒಂದು. ಭೀಮಾ ನದಿಯ ದಂಡೆ, ಬೇಕಾದಷ್ಟು ದಪ್ಪ ಮರಳು. ಭಾಗ್ಯವಂತಿ ದೇವಿಯ ಗುಡಿಗೆ ಬರುವ ಭಕ್ತರಿಂದಾಗಿ ಬಸ್ಸುಗಳೂ ಇದ್ದವು. ಕಸ್ತೂರಿಬಾಯಿ ಅಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಇಪ್ಪತ್ತೈದರ ಆಸುಪಾಸಿನ ವಯಸ್ಸು. ಮನೆಯಲ್ಲಿ ಗಂಡ, ಅತ್ತೆ ಗಂಗವ್ವ. ಹೊಲ ಕಡಿಮೆ, ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಅವಳ ಹೊಲಿಗೆಯಿಂದ. ಖಣದ ಕುಪ್ಪಸದ ತೋಳಿಗೆ ಅವಳು ಹಾಕುತ್ತಿದ್ದ ಹೊಲಿಗೆಗಳು ಎಷ್ಟು ಸಣ್ಣವಿದ್ದವೆಂದರೆ ನಾನು ಕನ್ನಡಕ ಹಾಕಿಕೊಂಡು ನೋಡಬೇಕಿತ್ತು. ಅವಳ ಬದುಕು ಕಣ್ಣಿನ ಮೇಲೆ ನಿಂತಿತ್ತು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಗಿಡಗಳೆಂದರೆ ಅವಳಿಗೆ ಜೀವ. ನಾನು ಒಂದು ಕೊಟ್ಟರೆ ಮೂರು ತಿಂಗಳಲ್ಲಿ ನಾಲ್ಕಾಗಿರುತ್ತಿತ್ತು. ಅಂಚಿನ ತುಂಬ ಮರಿ ಹುಟ್ಟಿಸುವ ಎಲೆಯೊಂದನ್ನು ಕೊಟ್ಟಾಗ, ಆ ಮರಿಗಳನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಬಿಡಿಸಿ ಅಂಗಿ ಗುಂಡಿಯ ಡಬ್ಬಿಗಳಲ್ಲಿ ನೆಟ್ಟಿದ್ದಳು. ಹೊಲಿಗೆ ಯಂತ್ರದ ಎದುರಿನ ಫರಸಿ ಕಲ್ಲಿನ ಕಟ್ಟೆಯ ಮೇಲೆ, ಗೋಡೆಯ ಗೂಡುಗಳಲ್ಲಿ ಎಲ್ಲ ಕಡೆ ಡಬ್ಬಿಗಳು. ಕಾಲಿನಲ್ಲಿ ಯಂತ್ರ ತುಳಿಯುತ್ತ ಅವನ್ನು ನೋಡುತ್ತ ಕೂರುತ್ತಿದ್ದಳು. ಅತ್ತೆಗೆ ಅದು ಅಷ್ಟಾಗಿ ಸೇರುತ್ತಿರಲಿಲ್ಲ, ಆದರೂ ತಡೆದಿರಲಿಲ್ಲ.

ಒಂದು ಸಲ ಗುಲಬರ್ಗಾದ ನನ್ನ ಜೊತೆಗಾತಿಯೊಬ್ಬಳಿಂದ ಹೊಸ ಗಿಡ ತಂದೆ. ಮೂರು ಏಣು, ಏಣಿನ ಉದ್ದಕ್ಕೂ ಜೋಡಿ ಮುಳ್ಳು, ಮುಳ್ಳಿನ ನಡುವೆ ಸಣ್ಣ ಹಸಿರು ಎಲೆ. ಉಳಿದ ಕಳ್ಳಿಗಳಿಗೆ ಹೀಗೆ ಎಲೆ ಇರಲಿಲ್ಲ. ಅದನ್ನು ನಾನು ಗಮನಿಸಿದ್ದೆ, ಅಂದವಾಗಿದೆ ಎಂದುಕೊಂಡು ಬಿಟ್ಟಿದ್ದೆ. ಮಂಡಳದ ಹೆಂಗಸರೆಲ್ಲ ಸೇರಿದ ದಿನ ಅದನ್ನು ಕಸ್ತೂರಿಯ ಕೈಗೆ ಕೊಟ್ಟೆ. ಗಂಗವ್ವ ಹತ್ತಿರ ಬಂದು ಬಗ್ಗಿ ನೋಡಿದರು. ಆಗ ಅವರು ಕೇಳಿದ್ದು, ನಾನು ಹೇಳಿದ್ದು ಎರಡೂ ನನಗೆ ಅಕ್ಷರಕ್ಕಕ್ಷರ ನೆನಪಿದೆ.

"ಅಕ್ಕೋರ, ಇದರಾಗ ಹಾಲ ಅದೇನ್ರಿ?"

"ಇಲ್ರೀ ಅವ್ವಾ. ಇದು ಬದುವಿನ ಕಳ್ಳಿ ಅಲ್ಲ, ಶೋ ಗಿಡ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಪಿನ್ನಿನಿಂದ ಒಂದು ಸಲ ಚುಚ್ಚಿದ್ದರೆ ಅಲ್ಲೇ ತಿಳಿಯುತ್ತಿತ್ತು. ಮೂವತ್ತು ಹೆಂಗಸರ ಎದುರು ಕಳ್ಳಿ ಎಂಬ ಮಾತು ಮತ್ತೆ ಏಳುವುದು ನನಗೆ ಬೇಡವಾಗಿತ್ತು. ಗಂಗವ್ವ ಮತ್ತೆ ಕೇಳಲಿಲ್ಲ. ಸರ್ಕಾರದ ಕಡೆಯಿಂದ ಬಂದವಳು ಇಲ್ಲವೆಂದ ಮೇಲೆ ಮುಗಿಯಿತು ಎಂದುಕೊಂಡಿರಬೇಕು.

ಗಿಡ ಚೆನ್ನಾಗಿ ಬೆಳೆಯಿತು. ಅದರ ಮುಂದಿನ ವರ್ಷ ಮಾಘ ಮಾಸದಲ್ಲಿ ಕಸ್ತೂರಿಯ ಅಂಗಳದಲ್ಲಿ ಏಳೆಂಟು ಹೆಂಗಸರನ್ನು ಕೂಡಿಸಿ ತುಂಡು ಮಾಡಿ ನೆಡುವುದನ್ನು ತೋರಿಸುತ್ತಿದ್ದೆ. ಊಟ ಮುಗಿದ ಹೊತ್ತು. ಬೆಕ್ಕಿನ ಬಾಲದಂಥ ಗಿಡವನ್ನು ನಾನೇ ಕತ್ತರಿಸಿ ತೋರಿಸಿದೆ. ಗಾಯದಲ್ಲಿ ನೀರು ಒಸರಿತು, ಅಷ್ಟೆ. ಉಳಿದವನ್ನು ನೀವೇ ಮಾಡಿ ಎಂದು ಹೇಳಿ, ಪಕ್ಕದವಳಿಗೆ ಮರಳು ಜರಡಿ ಹಿಡಿಯುವುದನ್ನು ಹೇಳಲು ತಿರುಗಿದೆ. ಮೂರು ಏಣಿನ ಗಿಡ ಎತ್ತರದ ಗೂಡಿನಲ್ಲಿತ್ತು. ಕಸ್ತೂರಿ ಅದನ್ನು ಕೆಳಗಿಳಿಸದೆ, ತಲೆ ಎತ್ತಿ ನಿಂತು, ಚಾಕುವಿನಿಂದ ತುದಿ ಕತ್ತರಿಸಿದಳು. ಕತ್ತರಿಸಿದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಆಮೇಲೆ ಅವಳು ಹೇಳಿದ್ದು.

ಕಣ್ಣಲ್ಲಿ ಏನೋ ಬಿತ್ತು ಎಂದಳು. ಸೆರಗಿನಿಂದ ಒರೆಸಿಕೊಂಡಳು. ಚಾಕು ಹಿಡಿದ ಕೈಯಲ್ಲೇ ಸೆರಗನ್ನೂ ಹಿಡಿದಿದ್ದಳು.

ನಾನು ತಿರುಗಿ ನೋಡಿದಾಗ ಬಲಗಣ್ಣು ಮುಚ್ಚಿಕೊಂಡು ಕುಳಿತಿದ್ದಳು. ಕೆಲವು ಕಳ್ಳಿಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಇರುತ್ತವೆ. ಅಂಥದ್ದೊಂದು ಹೊಕ್ಕಿದೆ ಎಂದು ನಾನು ತೀರ್ಮಾನಿಸಿದೆ. ಹಾಲಿರಬಹುದೆಂಬ ಯೋಚನೆ ನನಗೆ ಬರಲೇ ಇಲ್ಲ, ಯಾಕೆಂದರೆ ಇಲ್ಲವೆಂದು ನಾನೇ ಹೇಳಿದ್ದೆ. ಅವಳನ್ನು ಬಿಸಿಲಿಗೆ ಮುಖಮಾಡಿ ಕೂಡಿಸಿ, ರೆಪ್ಪೆ ಎತ್ತಿ, ಕರವಸ್ತ್ರದ ತುದಿಯಿಂದ ಮುಳ್ಳು ಹುಡುಕಿದೆ. ಉರಿ ಉರಿ ಎಂದು ಅವಳು ನನ್ನ ಮಣಿಕಟ್ಟನ್ನು ಹಿಡಿದು ದೂಡುತ್ತಿದ್ದಳು. ಸ್ವಲ್ಪ ತಾಳು ಎನ್ನುತ್ತಿದ್ದೆ. ಎಷ್ಟು ಹೊತ್ತು ಹೀಗೆ ಹುಡುಕಿದೆ ಎಂದು ಖಚಿತವಾಗಿ ಹೇಳಲಾರೆ. ಕಾಲು ತಾಸಿಗೆ ಕಡಿಮೆ ಇರಲಾರದು.

ಗಂಗವ್ವ ಹಿತ್ತಲಿನಿಂದ ಬಂದರು. ಸೊಸೆಯನ್ನು ನೋಡುವ ಮೊದಲು ಅವರು ಗೂಡನ್ನು ನೋಡಿದರು. ಕತ್ತರಿಸಿದ ತುದಿಯಿಂದ ಗೋಡೆಯ ಸುಣ್ಣದ ಮೇಲೆ ದಪ್ಪಗೆ ಬೆಳ್ಳಗಿನದು ಇಳಿದಿತ್ತು.

"ಹಾಲದು," ಎಂದರು. ಧ್ವನಿ ಎತ್ತರಿಸಲಿಲ್ಲ. "ಬಿಡ್ರಿ ಆಕಿನ್ನ. ನೀರ ತರ್ರಿ."

ಯಾರೋ ತಾಯಿಹಾಲು ಹಾಕಬೇಕು ಎಂದರು, ಇನ್ನೊಬ್ಬರು ಔಡಲೆಣ್ಣೆ ಎಂದರು. ಗಂಗವ್ವ ಯಾರ ಮಾತನ್ನೂ ಕೇಳಲಿಲ್ಲ. ಸೊಸೆಯ ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು, ತಂಬಿಗೆಯಿಂದ ಸಣ್ಣಗೆ ಧಾರೆ ಹಿಡಿದರು. ರೆಪ್ಪೆ ಹಿಡಿಯುವುದು ನನ್ನ ಕೆಲಸವಾಯಿತು. ಮೂರು ಕೊಡ ನೀರು ಖಾಲಿಯಾಯಿತು.

ಬಸ್ಸಿನಲ್ಲಿ ಅಫಜಲಪುರ, ಅಲ್ಲಿಂದ ಗುಲಬರ್ಗಾ. ಸಂಜೆಯ ಹೊತ್ತಿಗೆ ಕಣ್ಣಿನ ಡಾಕ್ಟರ ಎದುರು ಕುಳಿತಿದ್ದೆವು. ರೆಪ್ಪೆ ಊದಿ ಕಣ್ಣು ತೆರೆಯುವಂತಿರಲಿಲ್ಲ. ತೆರೆಸಿದಾಗ ಬೆಳಕು ಮಾತ್ರ ಗೊತ್ತಾಗುತ್ತದೆ, ಮಂದಿ ಕಾಣುವುದಿಲ್ಲ ಎಂದಳು ಕಸ್ತೂರಿ. ಡಾಕ್ಟರು ಯಾವ ಗಿಡದ ಹಾಲು ಎಂದು ಕೇಳಿದರು, ಹೇಳಿದೆ. ಎಷ್ಟು ಹೊತ್ತಿನ ಮೇಲೆ ತೊಳೆದಿರಿ ಎಂದು ಕೇಳಿದರು. ಕೂಡಲೇ ತೊಳೆದೆವು ಎಂದೆ.

ಇದನ್ನು ಬರೆಯುವುದು ಕಷ್ಟ. ಗಂಗವ್ವ ನನ್ನ ಪಕ್ಕದಲ್ಲೇ ಇದ್ದರು. ನನ್ನ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ಡಾಕ್ಟರು ಬರುವುದಕ್ಕೆ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ನಿನ್ನೆ ಹೇಳಿದ್ದು ತಪ್ಪು, ಕಾಲು ತಾಸು ತಡವಾಯಿತು, ತಡಮಾಡಿದವಳು ನಾನು, ಗಿಡದಲ್ಲಿ ಹಾಲಿಲ್ಲ ಎಂದು ಹೇಳಿದವಳೂ ನಾನು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಣ್ಣು ನನಗ ನಿನ್ನೇನ ಹೇಳ್ಯದರಿ ಬಾಯಿ," ಎಂದರು. "ನೀವು ಇವತ್ತ ಹೇಳಿದ್ರಿ. ಛಲೋ ಆತು."

ದೃಷ್ಟಿ ಬರುತ್ತದೆಯೇ ಎಂದು ಕೇಳಿದೆ. ಹದಿನೈದು ದಿನ ಹೋಗಲಿ, ಬರುತ್ತದೆ ಎಂದು ಅನಿಸುತ್ತದೆ, ಈಗಲೇ ಖಾತ್ರಿ ಹೇಳಲು ಬರುವುದಿಲ್ಲ ಎಂದರು. ಕಣ್ಣು ತೊಳೆದವರು ಯಾರು ಎಂದು ಕೇಳಿ, ಗಂಗವ್ವನ ಕಡೆ ಒಮ್ಮೆ ನೋಡಿದರು. ಇವರಿಂದಲೇ ಆಸೆ ಉಳಿದಿದೆ ಎಂದರು.

ಆರನೆಯ ದಿನ ಮನೆಗೆ ಕಳಿಸಿದರು. ಕಣ್ಣಿಗೆ ಪಟ್ಟಿ, ದಿನಕ್ಕೆ ಆರು ಸಲ ಔಷಧಿಯ ಹನಿ. ನಾವು ಘತ್ತರಗಿಗೆ ಬಂದಾಗ ಡಬ್ಬಿಗಳೆಲ್ಲ ಮನೆಯ ಹೊರಗೆ ತಿಪ್ಪೆಯ ಪಕ್ಕದಲ್ಲಿದ್ದವು. ಅವಳ ಗಂಡ ಹೊತ್ತು ಹಾಕಿದ್ದ. ಓಣಿಯ ಹೆಂಗಸರು ಕೂಡಿದ್ದರು. ಮುಳ್ಳು ಮನೆಯೊಳಗೆ ತಂದದ್ದರ ಫಲ ಎಂದು ಒಬ್ಬಳು, ಕೆಳಗಿಳಿಸಿ ಕೊಯ್ಯುವ ಬುದ್ಧಿ ಇರಬೇಕಿತ್ತು ಎಂದು ಇನ್ನೊಬ್ಬಳು. ಮಾತು ಗಿಡದ ಮೇಲೂ ಕಸ್ತೂರಿಯ ಮೇಲೂ ಹೋಗುತ್ತಿತ್ತು, ನನ್ನ ಮೇಲೆ ಬರುತ್ತಿರಲಿಲ್ಲ. ನನಗೆ ಕುರ್ಚಿ ತಂದು ಹಾಕಿದ್ದರು. ಆ ಕುರ್ಚಿಯಲ್ಲಿ ಕುಳಿತರೆ ಮುಂದೆ ಯಾವ ಊರಿನಲ್ಲೂ ಬಾಯಿ ತೆರೆಯಲಾರೆ ಎನಿಸಿತು.

"ಗಂಗವ್ವ ನನ್ನ ಕೇಳಿದ್ರು," ಎಂದೆ. "ಹಾಲ ಅದೇನಂತ ಕೇಳಿದ್ರು. ನಾ ಇಲ್ಲ ಅಂದೆ. ನನಗ ಗೊತ್ತಿರಲಿಲ್ಲ, ಆದ್ರೂ ಇಲ್ಲ ಅಂದೆ. ತಪ್ಪು ಗಿಡದ್ದಲ್ಲ, ಕಸ್ತೂರೀದಲ್ಲ. ನಂದು."

ಗಂಗವ್ವ ಸೆರಗು ಸರಿಮಾಡಿಕೊಂಡರು. ತಾವು ಕೇಳಿದ್ದು ನಿಜ, ಆದರೆ ಕೇಳಿ ಸುಮ್ಮನಾದದ್ದು, ಚುಚ್ಚಿ ನೋಡದೆ ಬಿಟ್ಟದ್ದು ತಮ್ಮ ತಪ್ಪು ಎಂದರು. ಅವರು ಹಾಗೆ ಪಾಲು ತೆಗೆದುಕೊಳ್ಳಬೇಕಾಗಿರಲಿಲ್ಲ.

ಆಗ ಕಸ್ತೂರಿ ಮಾತಾಡಿದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಬಿಸಿಲಿಗೆ ಅರ್ಧ ಮುಚ್ಚಿತ್ತು. "ಹೋಗ್ಲಿ ಬಿಡ್ರೀ. ಎಲ್ಲಾನೂ ಯಾಕ ಒಗೀತೀರಿ? ಅತ್ತಿ, ಒಂದೊಂದ ಚುಚ್ಚಿ ನೋಡ್ರಿ. ಹಾಲ ಬಂದದ್ದು ಅತ್ಲಾಗ ಇಡ್ರಿ, ಬರಲಾರದ್ದು ಒಳಗ ತರ್ರಿ."

ಗಂಗವ್ವ ಒಳಗೆ ಹೋಗಿ ಸೊಸೆಯ ದಪ್ಪ ಸೂಜಿಯೊಂದನ್ನು ತಂದರು. ಬಣವೆಯಿಂದ ಒಂದು ಜೋಳದ ದಂಟು ಎಳೆದು, ತುದಿಗೆ ಸೂಜಿಯನ್ನು ದಾರದಿಂದ ಬಿಗಿದು ಕಟ್ಟಿದರು. ಎರಡು ಮೊಳ ದೂರದಿಂದ ಡಬ್ಬಿಗಳನ್ನು ಒಂದೊಂದಾಗಿ ಚುಚ್ಚಿದರು. ನಲವತ್ತಕ್ಕಿಂತ ಹೆಚ್ಚು ಡಬ್ಬಿಗಳಿದ್ದವು. ಮೂರರಲ್ಲಿ ಹಾಲು ಬಂತು. ಆ ಮೂರರಲ್ಲಿ ಎರಡನ್ನು ನಾನೇ ಬೇರೆ ಬೇರೆ ವರ್ಷ ಕೊಟ್ಟಿದ್ದೆ, ಒಂದು ಎಲ್ಲಿಂದ ಬಂತೋ ಗೊತ್ತಿಲ್ಲ. ಅವನ್ನೂ ಒಗೆಯಲು ಕಸ್ತೂರಿ ಬಿಡಲಿಲ್ಲ. ಕೊರಳಿಗೆ ಕೆಂಪು ದಾರ ಕಟ್ಟಿಸಿ, ಹಿತ್ತಲ ಗೋಡೆಯ ಬುಡಕ್ಕೆ, ಮೊಣಕಾಲಿನ ಎತ್ತರಕ್ಕಿಂತ ಕೆಳಗೆ ಇಡಿಸಿದಳು.

ಹದಿಮೂರನೆಯ ದಿನ ಮತ್ತೆ ಗುಲಬರ್ಗಾಕ್ಕೆ ಹೋದಾಗ ಡಾಕ್ಟರು ಪಟ್ಟಿ ತೆಗೆದು, ಎಡಗಣ್ಣು ಮುಚ್ಚಿಸಿ ಬೆರಳು ತೋರಿಸಿದರು. ಮೂರು ಎಂದಳು, ಸರಿಯಿತ್ತು. ದೂರ ಹೋಗಿ ತೋರಿಸಿದರು. ಎರಡು ಎಂದಳು, ತಡೆದು, ಅಲ್ಲ ಮೂರು, ಒಂದು ಬೆರಳು ಅರ್ಧ ಮಡಿಸೀರಿ ಎಂದಳು. ಡಾಕ್ಟರು ನಕ್ಕರು. ನಾನು ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ತೊಳೆದುಕೊಂಡೆ. ಕಪ್ಪುಗುಡ್ಡೆಯ ಅಂಚಿನಲ್ಲಿ ಜೋಳದ ಕಾಳಿನ ಅರ್ಧದಷ್ಟು ಬಿಳಿ ಕಲೆ ಉಳಿಯಿತು. ಬಿಸಿಲಲ್ಲಿ ನೀರು ಬರುತ್ತದೆ. ಎರಡು ತಿಂಗಳ ಮೇಲೆ ಯಂತ್ರದ ಮುಂದೆ ಕುಳಿತಳು.

ಆ ತಿಂಗಳ ದಿನಚರಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ. ಆಗಿನ ಮೇಲಧಿಕಾರಿಗಳು ಕರೆದು, ಯಾರೂ ದೂರು ಕೊಟ್ಟಿಲ್ಲ, ಇದನ್ನೇಕೆ ಬರೆದಿರಿ ಎಂದು ಕೇಳಿದರು. ನಾಳೆ ಬೇರೆ ಸೇವಕಿ ಇದೇ ಗಿಡ ಕೊಟ್ಟರೆ ಎಂದೆ. ಅವರು ಆ ಸಾಲುಗಳ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಆದರೆ ಗಟ್ಟಿಯಾಗಿ ಎಳೆಯಲಿಲ್ಲ. ಕೆಳಗಿನ ಅಕ್ಷರ ಓದಬಹುದಿತ್ತು. ಮುಂದಿನ ತಿಂಗಳ ಸಭೆಯಲ್ಲಿ ಉಳಿದ ಸೇವಕಿಯರಿಗೆ ಬಾಯಿಮಾತಿನಲ್ಲಿ ಹೇಳಲು ನನಗೆ ಹತ್ತು ನಿಮಿಷ ಕೊಟ್ಟರು.

ಅಂದಿನಿಂದ ನಾನು ಕೆಲಸ ಮಾಡುವ ಬಗೆ ಬದಲಾಯಿತು. ಶೋ ಗಿಡ ಎಂಬ ಮಾತು ಬಿಟ್ಟೆ, ಕಳ್ಳಿಯನ್ನು ಕಳ್ಳಿ ಎಂದೇ ಹೇಳಿದೆ. ಬೇಡವೆಂದವರಿಗೆ ಒತ್ತಾಯ ಮಾಡಲಿಲ್ಲ. ಕೊಡುವ ಮೊದಲು ಎಲ್ಲರ ಎದುರು ಚುಚ್ಚಿದೆ. ಕತ್ತರಿಸುವಾಗ ಗಿಡವನ್ನು ನೆಲದ ಮೇಲೆ ಇಡಿಸಿದೆ, ಪಕ್ಕದಲ್ಲಿ ಒಂದು ಕೊಡ ನೀರು ಇಲ್ಲದೆ ಚಾಕು ಮುಟ್ಟಲಿಲ್ಲ. ಯಾರಾದರೂ ಏನಾದರೂ ಕೇಳಿದಾಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೆ. ಹೊಸದಾಗಿ ಸೇರಿದವರಿಗೆ ಇದೇ ಅತಿ ಕಷ್ಟ. ಗೊತ್ತಿಲ್ಲ ಎಂದರೆ ಮಂದಿ ಬೆಲೆ ಕೊಡುವುದಿಲ್ಲ ಎಂದು ಭಯವಾಗುತ್ತದೆ. ನನ್ನ ಅನುಭವದಲ್ಲಿ ಹಾಗಾಗಲಿಲ್ಲ.

ತೊಂಬತ್ತರ ದಶಕದಲ್ಲಿ ಜೇವರ್ಗಿ ತಾಲೂಕಿಗೆ ಬಂದೆ. ನೆಲೋಗಿಯ ಹೆಂಗಸರು ಕಳ್ಳಿ ಬೆಳೆಸುವುದನ್ನು ಕಲಿಯುತ್ತೇವೆ ಎಂದಾಗ ನಾನೊಬ್ಬಳೇ ಕಲಿಸಲು ಮನಸ್ಸಾಗಲಿಲ್ಲ. ಕಸ್ತೂರಿಗೆ ಪತ್ರ ಹಾಕಿದೆ. ಬರುತ್ತಾಳೋ ಇಲ್ಲವೋ ಎಂದಿದ್ದೆ. ಹೇಳಿದ ದಿನ ಎರಡು ಬಸ್ಸು ಬದಲಿಸಿ ಬಂದಳು. ಕಂಕುಳಲ್ಲಿ ಗಿಡಗಳ ಬುಟ್ಟಿ, ಕೈಯಲ್ಲಿ ತುದಿಗೆ ಸೂಜಿ ಕಟ್ಟಿದ ಜೋಳದ ದಂಟು. ಕಂಡಕ್ಟರು ಇದೇನೆಂದು ಕೇಳಿದ್ದಕ್ಕೆ ಗಿಡಗಳ ಡಾಕ್ಟರಕಿ ಎಂದು ಹೇಳಿ ಬಂದಿದ್ದಳು.

ಶಾಲೆಯ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಕುಳಿತಿದ್ದರು. ಕಸ್ತೂರಿ ಮೊದಲು ತನ್ನ ಕಣ್ಣಿನ ಕಥೆಯನ್ನೇ ಹೇಳಿದಳು. ನಾನು ಇಲ್ಲವೆಂದದ್ದನ್ನು ಬಿಡಲಿಲ್ಲ, ಹೆಚ್ಚು ಮಾಡಿಯೂ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ನೀಲಮ್ಮ ಎಂಬ ಮಾತುಗಾರ್ತಿ ಇದ್ದಳು. ನಾನು ಆಗಷ್ಟೇ ಕೊಟ್ಟ ಉಂಡೆ ಕಳ್ಳಿಯ ಡಬ್ಬಿ ಅವಳ ತೊಡೆಯ ಮೇಲಿತ್ತು.

"ಕಣ್ಣ ಕಳಕೊಂಡಾಕಿ ಬಂದು ನಮಗ ಕಲಸ್ತಾಳಂತ," ಎಂದು ಪಕ್ಕದವಳಿಗೆ ಹೇಳಿದಳು. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು.

ಕೆಲವರು ನಕ್ಕರು. ಕಸ್ತೂರಿ ಎದ್ದು, ಸಾಲುಗಳ ನಡುವೆ ನಾಲ್ಕು ಹೆಜ್ಜೆ ಹೋಗಿ ನಿಂತಳು. ಎಡ ಅಂಗೈಯಿಂದ ಒಳ್ಳೆಯ ಕಣ್ಣನ್ನು ಪೂರಾ ಮುಚ್ಚಿಕೊಂಡು ನೀಲಮ್ಮನ ಮುಖವನ್ನು ನೋಡಿದಳು.

"ಅಕ್ಕಾ, ನಿಮ್ಮ ಮೂಗುಬಟ್ಟಿನ್ಯಾಗ ಕೆಳಗಿನ ಹರಳು ಇಲ್ಲ. ಮನ್ಯಾಗ ಬಿದ್ದದೋ ಏನೋ, ಹೋಗಿ ಕಸದಾಗ ನೋಡ್ರಿ."

ನೀಲಮ್ಮನ ಕೈ ಮೂಗಿಗೆ ಹೋಯಿತು. ಬೆರಳಿನಿಂದ ಎರಡು ಸಲ ಮುಟ್ಟಿ ನೋಡಿಕೊಂಡಳು. ಪಕ್ಕದವಳು ಬಗ್ಗಿ ನೋಡಿ, ಖರೇನ ಇಲ್ಲಬೇ ಎಂದಳು. ಆಗ ಎದ್ದ ನಗುವಿನಲ್ಲಿ ನೀಲಮ್ಮನದೂ ಇತ್ತು. ಅವಳು ತನ್ನ ಡಬ್ಬಿ ಎತ್ತಿಕೊಂಡು ಮುಂದಿನ ಸಾಲಿಗೆ ಬಂದು ಕಸ್ತೂರಿಯ ಕಾಲಬುಡದಲ್ಲೇ ಕುಳಿತಳು.

"ಆ ದಂಟ ಇಲ್ಲಿ ಕೊಡವ್ವ," ಎಂದಳು.

ಅದರಲ್ಲಿ ಹಾಲಿಲ್ಲ ಎಂದು ಅಕ್ಕೋರು ಹೇಳಿದ್ದಾರಲ್ಲ, ಚುಚ್ಚಿಯೂ ತೋರಿಸಿದ್ದಾರಲ್ಲ ಎಂದು ಯಾರೋ ಹೇಳಿದರು.

"ಅವರು ನೋಡ್ಯಾರ. ನಾ ನೋಡಿಲ್ಲ," ಎಂದಳು ನೀಲಮ್ಮ.

ಡಬ್ಬಿಯನ್ನು ನೆಲದ ಮೇಲಿಟ್ಟು, ಮುಖ ಹಿಂದೆ ಸರಿಸಿ, ತೋಳು ಚಾಚಿ ಚುಚ್ಚಿದಳು. ನಾನು ನೋಡುತ್ತ ಕುಳಿತೆ. ಸೂಜಿ ಹೊರಗೆ ಬಂತು. ಅದರ ಮೊನೆಯಲ್ಲಿ ನೀರಿನಂಥ ಒಂದು ತಿಳಿ ಹನಿ ಇತ್ತು.